ಅಕ್ಷರ ಮತ್ತು ಸ್ವರ: ಹಿಪ್‌ಹಾಪ್ ಸಮ್ಮಿಳನದ ಒಂದು ಪರಿಶೀಲನೆ

ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ 1973ರ ಸುಮಾರಿಗೆ ಹುಟ್ಟಿದ ಹಿಪ್‌ಹಾಪನ್ನು ಒಪೆರಾದೊಡನೆ, ಶಾಸ್ತ್ರೀಯ ಸಂಗೀತದೊಡನೆ ಬೆಸೆಯುವ ಪ್ರಯತ್ನಗಳನ್ನು ಸಾಮಾನ್ಯವಾಗಿ ವಾದ್ಯಗಳ ಮಿಶ್ರಣವೆಂದೇ ವಿವರಿಸಲಾಗುತ್ತದೆ. ಆದರೆ ನಿಜವಾದ ತೊಡಕಿರುವುದು ಅಕ್ಷರದಲ್ಲಿ. ವಿಲಂಬಿತ ಖ್ಯಾಲಿನ ಗಾಯಕನು ಒಂದೇ ಅಕ್ಷರವನ್ನು ಹಿಗ್ಗಿಸಿ ರಾಗವನ್ನು ಬಿಡಿಸುತ್ತಾನೆ. ಒಪೆರಾದ ಏಕಗಾನದಲ್ಲಿಯೂ ಮಾತು ಬಹುಮಟ್ಟಿಗೆ ಸ್ವರಕ್ಕೆ ಮಣಿಯುತ್ತದೆ. ರ‍್ಯಾಪ್ ಇದಕ್ಕೆ ವಿರುದ್ಧವಾದುದು. ಅಲ್ಲಿ ನಾಲ್ಕೆಣಿಕೆಯ ಆವರ್ತದೊಳಗೆ ಅಕ್ಷರಗಳು ಒತ್ತೊತ್ತಾಗಿ ತುಂಬಿಕೊಳ್ಳುತ್ತವೆ, ಪ್ರಾಸವೇ ತಾಳವನ್ನು ತೋರಿಸುತ್ತದೆ. 1984ರಲ್ಲಿ ಮಾಲ್ಕಮ್ ಮೆಕ್‌ಲಾರೆನ್ ಪುಚ್ಚೀನಿಯ ‘ಮದಾಮ ಬಟರ್‌ಫ್ಲೈ’ ಒಪೆರಾದ ಗಾನವನ್ನು ಯಂತ್ರವಾದ್ಯದ ತಾಳಕ್ಕೆ ಹೊಂದಿಸಿದಾಗ ಗಾನವೂ ಮಾತೂ ಅಕ್ಕಪಕ್ಕದಲ್ಲಿ ನಿಂತವು. 2001ರ ‘ಕಾರ್ಮೆನ್: ಎ ಹಿಪ್ ಹಾಪೆರಾ’ ಚಿತ್ರವು ಕಥೆಯನ್ನೇ ರ‍್ಯಾಪಿನ ಸಂಭಾಷಣೆಗೆ ಒಪ್ಪಿಸಿತು.

ಈ ಸಮಸ್ಯೆ ಕನ್ನಡಕ್ಕೆ ಹೊಸದಲ್ಲ. ತುಂಗಭದ್ರೆಯ ದಡದ ಕುಮಾರಪಟ್ಟಣದಿಂದ ಹಾನಗಲ್ಲಿನವರೆಗೆ ಹರಡಿರುವ ಇಂದಿನ ಹಾವೇರಿ ಜಿಲ್ಲೆಯ ನೆಲದಲ್ಲಿಯೇ ಅದರ ಪೂರ್ವರೂಪಗಳಿವೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು (1892–1944) ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಳಗಿದವರು; ತಮ್ಮ ಶಿಷ್ಯಸಮುದಾಯದ ಪೋಷಣೆಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. ರಂಗದ ಮೇಲೆ ರಾಗಕ್ಕೊಂದು ಮಿತಿಯಿದೆ: ಮಾತು ಕೇಳಿಸದಿದ್ದರೆ ಕಥೆ ಮುಂದೆ ಸಾಗದು. (ಪ್ರೇಕ್ಷಕರ ‘ವನ್ಸ್‌ಮೋರ್’ ಕೂಗು ಈ ಮಿತಿಯನ್ನು ಮೀರಿಸುತ್ತಿದ್ದುದೂ ಉಂಟು, ಆಗ ಪಾತ್ರ ಮರೆಯಾಗಿ ಗಾಯಕನೊಬ್ಬನೇ ಉಳಿಯುತ್ತಿದ್ದ.) ಮಾತಿನಿಂದ ಹಾಡಿಗೆ ದಾಟುವ ಈ ಹದ ರಂಗಗೀತೆಯ ಗಳಿಕೆ.

ರ‍್ಯಾಪಿಗೆ ಇನ್ನೂ ಹತ್ತಿರವಾದುದು ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಲಾವಣಿ. ಒಂದು ಮೇಳ ಶಿವನನ್ನು, ಇನ್ನೊಂದು ಶಕ್ತಿಯನ್ನು ಎತ್ತಿಹಿಡಿದು, ಡಪ್ಪು–ತುಂತುಣಿಯ ಹಿಮ್ಮೇಳದಲ್ಲಿ ಸವಾಲು–ಜವಾಬು ನಡೆಸುತ್ತವೆ. ಹಿಪ್‌ಹಾಪಿನ ಪದಸ್ಪರ್ಧೆಯೊಂದಿಗೆ ಇದನ್ನು ಹೋಲಿಸುವವರು ಬಹುಶಃ ಲಯಸಾಮ್ಯವನ್ನಷ್ಟೇ ಗಮನಿಸುತ್ತಾರೆ. ಲಾವಣಿಯ ಜೀವವಿರುವುದು ವಾದದಲ್ಲಿ. ಎದುರಾಳಿಯ ಪ್ರಶ್ನೆಗೆ ಪುರಾಣದ ಆಧಾರವಿಲ್ಲದೆ ಉತ್ತರಿಸಿದವನು ತಾಳ ತಪ್ಪದಿದ್ದರೂ ಸೋತಂತೆಯೇ. ಸಮ್ಮಿಳನಕ್ಕೆಂದು ಡಪ್ಪಿನ ಪೆಟ್ಟನ್ನೂ ‘ಗೀಗೀ’ ಎಂಬ ಪಲ್ಲವಿಯನ್ನೂ ಮಾತ್ರ ಕಿತ್ತು ತಂದರೆ ಆ ವಾದ ಹಿಂದೆಯೇ ಉಳಿಯುತ್ತದೆ. ಸವಾಲನ್ನು ಲಾವಣಿಕಾರನಿಗೂ ಜವಾಬನ್ನು ರ‍್ಯಾಪ್ ಹಾಡುವವನಿಗೂ ಕೊಟ್ಟು, ನಡುವೆ ರಾಗಾಲಾಪಕ್ಕೆ ಅವಕಾಶ ಮಾಡಿದರೆ ಮೂರಕ್ಕೂ ಕೆಲಸ ದೊರೆಯುತ್ತದೆ.