ಸಿಇಟಿ ಗಣಿತ: ತಾಯಂದಿರು ಇಡಬಹುದಾದ ಒಂದು ಲೆಕ್ಕದ ಪುಸ್ತಕ



ಕಾಫಿ ಕೊಯ್ಲಿನ ದಿನಗಳಲ್ಲಿ ಕಳಸ ಕಡೆಯ ಒಂದು ಸಂಘದ ಸಭೆಗೆ ಹೋಗಿದ್ದೆವು. ಉಳಿತಾಯದ ಹಣ ಎಣಿಸಿ ಮುಗಿಯುತ್ತಿದ್ದಂತೆ ಒಬ್ಬ ತಾಯಿ ಎದ್ದು ನಿಂತರು. "ಸಿಸ್ಟರ್, ಮಗಳು ಸೆಕೆಂಡ್ ಪಿಯುಸಿ. ಲೆಕ್ಕದಲ್ಲಿ ಹಿಂದೆ. ಕೋಚಿಂಗಿಗೆ ಹಾಕ್ದಿದ್ರೆ ಇಂಜಿನಿಯರಿಂಗ್ ಸೀಟು ಸಿಗಲ್ಲಂತೆ. ಸಂಘದಿಂದ ಮೂವತ್ತು ಸಾವಿರ ಸಾಲ ಕೊಡ್ಸಿ" ಅಂದರು.

ನೂರಕ್ಕೆ 2 ರೂಪಾಯಿ ಬಡ್ಡಿ ಅಂದರೂ 30,000 ರೂಪಾಯಿಗೆ ತಿಂಗಳಿಗೆ 600 ರೂಪಾಯಿ ಬಡ್ಡಿಯೇ ಆಯಿತು. ಸಾಲ ಬೇಡ ಎಂದು ನಾವು ಹೇಳಲಿಲ್ಲ. "ಮಗಳು ಲೆಕ್ಕದಲ್ಲಿ ಹಿಂದೆ ಅಂದ್ರಲ್ಲ, ಎಲ್ಲಿ ಹಿಂದೆ?" ಎಂದು ಮಾತ್ರ ಕೇಳಿದೆವು. ತಾಯಿಗೂ ಗೊತ್ತಿರಲಿಲ್ಲ, ಪಕ್ಕದಲ್ಲಿದ್ದ ಮಗಳಿಗೂ ಗೊತ್ತಿರಲಿಲ್ಲ. ಹಣ ಎಲ್ಲಿ ಸೋರುತ್ತಿದೆ ಅಂತ ನೋಡದೆ ಸಾಲ ಮಾಡಬಾರದು ಎಂದು ಸಂಘದಲ್ಲಿ ಕಲಿತಿದ್ದೇವಲ್ಲವೇ? ಅಂಕದ ವಿಷಯವೂ ಹಾಗೆಯೇ.

ಮೊದಲು ಪರೀಕ್ಷೆಯನ್ನು ತಿಳಿದುಕೊಳ್ಳೋಣ

ಸಿಇಟಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಗಣಿತದಲ್ಲಿ 60 ಪ್ರಶ್ನೆ, 60 ಅಂಕ, ಸಮಯ 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದಕ್ಕೆ ಪೆನ್ನಿನಿಂದ ಗುರುತು ತುಂಬಬೇಕು. ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಅದೇ ಮೂರು ವಿಷಯಗಳ ಸಿಇಟಿ ಅಂಕ ಅರ್ಧ ಸೇರುತ್ತದೆ. ಪಿಯುಸಿಯಲ್ಲಿ ಒಟ್ಟು 300, ಸಿಇಟಿಯಲ್ಲಿ ಒಟ್ಟು 180. ಹೀಗಾಗಿ ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಆದರೆ ಎರಡಕ್ಕೂ ಪಾಠ ಒಂದೇ. ಕಾಲೇಜಿನ ಪುಸ್ತಕ ಬದಿಗಿಟ್ಟು ಬರೀ ಕೋಚಿಂಗ್ ಪುಸ್ತಕ ಹಿಡಿದರೆ ಎರಡೂ ಕೈತಪ್ಪಬಹುದು.

ಮೂರು ಕಲಂಗಳ ಪುಸ್ತಕ

ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳೂ ಸರಿ ಉತ್ತರಗಳೂ ಸಿಗುತ್ತವೆ. ಪೇಟೆಗೆ ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಮಗು ಗಡಿಯಾರ ಇಟ್ಟುಕೊಂಡು 80 ನಿಮಿಷ ಕುಳಿತು ಒಂದು ಪತ್ರಿಕೆ ಬಿಡಿಸಲಿ. ಆಮೇಲೆ ಉತ್ತರ ತಾಳೆ ನೋಡಿ, ಹೋದ ಪ್ರತಿ ಅಂಕವನ್ನು ಮೂರರಲ್ಲಿ ಒಂದು ಕಲಂಗೆ ಬರೆಯಿರಿ:

1. ಪಾಠವೇ ಗೊತ್ತಿಲ್ಲ.
2. ಗೊತ್ತಿತ್ತು, ಲೆಕ್ಕ ಮಾಡುವಾಗ ತಪ್ಪಿತು.
3. ಸಮಯ ಸಾಲಲಿಲ್ಲ, ಖಾಲಿ ಬಿಟ್ಟೆ.

ಆ ಹುಡುಗಿಯ ಮೊದಲ ಪತ್ರಿಕೆಯಲ್ಲಿ ಸರಿಯಾದದ್ದು 22. ಹೋದ 38ರಲ್ಲಿ 15 ಮೊದಲನೇ ಕಲಂ, 11 ಎರಡನೆಯದು, 12 ಮೂರನೆಯದು. ಅರ್ಧಕ್ಕಿಂತ ಹೆಚ್ಚು ಅಂಕ ಹೋದದ್ದು ಪಾಠ ತಿಳಿಯದೆ ಅಲ್ಲ! "ನಾನು ದಡ್ಡಿ ಅಂದ್ಕೊಂಡಿದ್ದೆ ಸಿಸ್ಟರ್" ಅಂದಳು. ಆ ಮಾತು ನಮಗೆ ಇನ್ನೂ ನೆನಪಿದೆ.

ಒಂದೊಂದು ಕಲಂಗೆ ಒಂದೊಂದು ಮದ್ದು

ಮೊದಲನೆಯದಕ್ಕೆ: ಎಲ್ಲ ಪಾಠ ಒಟ್ಟಿಗೆ ಹಿಡಿಯುವುದು ಬೇಡ. ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ವೆಕ್ಟರ್, ಪ್ರಾಬಬಿಲಿಟಿ ಇಂಥವುಗಳಿಂದ ಶುರು ಮಾಡಲಿ. ಇವು ಬೋರ್ಡ್ ಪರೀಕ್ಷೆಗೂ ಬೇಕು. ಪ್ರಥಮ ಪಿಯುಸಿ ಪಾಠದಿಂದಲೂ ಪ್ರಶ್ನೆ ಬರುತ್ತದೆ, ಆ ಪುಸ್ತಕ ರದ್ದಿಗೆ ಹಾಕಬೇಡಿ. ಅರ್ಥವಾಗದ್ದನ್ನು ಕಾಲೇಜಿನ ಉಪನ್ಯಾಸಕರ ಹತ್ತಿರ ಕೇಳಲು ಧೈರ್ಯ ಕೊಡಿ.

ಎರಡನೆಯದಕ್ಕೆ: ಹೆಚ್ಚಾಗಿ ತಪ್ಪುವುದು ಪ್ಲಸ್-ಮೈನಸ್ ಚಿಹ್ನೆಯಲ್ಲಿ, ಸಣ್ಣ ಗುಣಾಕಾರದಲ್ಲಿ. ತಪ್ಪಿದ ಲೆಕ್ಕವನ್ನು ಮೂರು ದಿನ ಬಿಟ್ಟು ಪುಸ್ತಕ ನೋಡದೆ ಮತ್ತೆ ಮಾಡಲಿ. ಮೊಬೈಲಿನಲ್ಲಿ ಕೂಡುವ ಅಭ್ಯಾಸ ಬಿಡಲಿ. ಕೆಲವು ಸಲ ಉತ್ತರದಿಂದ ಹಿಂದಕ್ಕೆ ಬಂದರೆ ಸುಲಭ. ಎರಡು ಸಂಖ್ಯೆ ಕೂಡಿದರೆ 15, ಗುಣಿಸಿದರೆ 56, ಯಾವುವು? ಕೊಟ್ಟ ಉತ್ತರಗಳು: 5 ಮತ್ತು 10, 6 ಮತ್ತು 9, 7 ಮತ್ತು 8, 4 ಮತ್ತು 11. ಎಲ್ಲವೂ ಕೂಡಿದರೆ 15. ಗುಣಿಸಿ ನೋಡಿ, 7 ಮತ್ತು 8 ಮಾತ್ರ ನಿಲ್ಲುತ್ತದೆ. ನೀವೇ ಮಾಡಿಬಿಟ್ಟಿರಲ್ಲ!

ಮೂರನೆಯದಕ್ಕೆ: ಕಾಫಿ ಕೊಯ್ಯುವಾಗ ಮೊದಲು ಹಣ್ಣಾದದ್ದನ್ನು ಕೊಯ್ದು, ಕಾಯಿ ಇದ್ದದ್ದನ್ನು ಮುಂದಿನ ಸುತ್ತಿಗೆ ಬಿಡುತ್ತೇವೆ. ಪ್ರಶ್ನೆಪತ್ರಿಕೆಯಲ್ಲೂ ಹಾಗೇ. ಮೊದಲ 40 ನಿಮಿಷ ಗೊತ್ತಿರುವುದು ಮಾತ್ರ. ಮುಂದಿನ 30 ನಿಮಿಷ ಸ್ವಲ್ಪ ಕಷ್ಟದ್ದು. ಕೊನೆಯ 10 ನಿಮಿಷ ಉಳಿದದ್ದಕ್ಕೆ. ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಉತ್ತರ ಹಾಳೆಯಲ್ಲೂ ಆ ಸಂಖ್ಯೆ ಬಿಟ್ಟಿದ್ದೇವೆಯೇ ಎಂದು ನೋಡಿಕೊಳ್ಳಬೇಕು, ಪೆನ್ನಿನ ಗುರುತು ಅಳಿಸಲಾಗದು. ಒಂದನ್ನೂ ಖಾಲಿ ಬಿಡಬಾರದು. ಏನೂ ಗೊತ್ತಿಲ್ಲದ 12 ಪ್ರಶ್ನೆಗೆ ಸುಮ್ಮನೆ ಗುರುತು ಹಾಕಿದರೂ ನಾಲ್ಕಕ್ಕೆ ಒಂದರಂತೆ ಸರಾಸರಿ 3 ಅಂಕ ಬರಬಹುದು. ಖಾಲಿ ಬಿಟ್ಟರೆ ಸೊನ್ನೆ.

ಒಂದು ಎಚ್ಚರಿಕೆ: 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗಲಾಟೆಯಾಯಿತು. ಕೊನೆಗೆ ಎಲ್ಲ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಹಳೆಯ ಪತ್ರಿಕೆಗಳಲ್ಲಿ ಈಗಿನ ಪುಸ್ತಕದಲ್ಲಿ ಇಲ್ಲದ ಪಾಠವೂ ಇರಬಹುದು. ಉಪನ್ಯಾಸಕರಿಂದ ಗುರುತು ಹಾಕಿಸಿಕೊಂಡು ಅವನ್ನು ಬಿಡಲಿ, ಎದೆಗುಂದುವುದು ಬೇಡ.

ತಾಯಿಯ ಪಾಲು

"ನಂಗೆ ಓದೋಕೆ ಬರಲ್ಲ, ನಾನೇನ್ ಮಾಡ್ಲಿ?" ಎಂದು ಕೇಳುವವರಿದ್ದೀರಿ. ಗಡಿಯಾರ ನೋಡಲು ಬರುತ್ತದಲ್ಲ, ಅಷ್ಟು ಸಾಕು. ವಾರಕ್ಕೆ ಎರಡು ದಿನ 80 ನಿಮಿಷ ಮಗಳಿಗೆ ಬಿಟ್ಟುಕೊಡಿ. ಆ ಹೊತ್ತಿನಲ್ಲಿ ನೀರು ತಾ, ತಮ್ಮನನ್ನು ನೋಡ್ಕೋ ಎಂದು ಕರೆಯಬೇಡಿ, ಟಿವಿ ಹಾಕಬೇಡಿ. ಕೊಯ್ಲಿನ ತಿಂಗಳುಗಳು ಮುಗಿಯುವಷ್ಟರಲ್ಲಿ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ. ಆ ದಿನಗಳಲ್ಲಿ ಹುಡುಗಿಯರ ಮೇಲೆಯೇ ಮನೆಗೆಲಸ ಬೀಳುತ್ತದೆ, ಮಗನಿಗೆ ಸಿಗುವ ಸಮಯ ಮಗಳಿಗೂ ಸಿಗಲಿ.

ಆ ತಾಯಿ ಕೊನೆಗೆ ಸಾಲ ತೆಗೆದುಕೊಂಡದ್ದು ಪ್ರಿಂಟಿಗೂ ಪುಸ್ತಕಕ್ಕೂ ಸೇರಿ 1,000 ರೂಪಾಯಿ. ಆರನೇ ಪತ್ರಿಕೆಗೆ ಮಗಳ ಅಂಕ 33 ಆಗಿತ್ತು. ಕೋಚಿಂಗ್ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಮೊದಲನೇ ಕಲಂ ತುಂಬಾ ಉದ್ದ ಇದ್ದು, ಕಾಲೇಜಿನಲ್ಲಿ ಹೇಳಿಕೊಡುವವರಿಲ್ಲದಿದ್ದರೆ ಅದು ಬೇಕಾಗಬಹುದು. ಆದರೆ ಪುಸ್ತಕ ನೋಡಿ ಸಾಲ ಮಾಡೋಣ, ಭಯಕ್ಕೆ ಮಾಡುವುದು ಬೇಡ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಪಿಯುಸಿ ಓದುವ ಮಕ್ಕಳು ಎಷ್ಟು ಜನ? ಅವರಿಗೆ ಓದಲು ಶಾಂತವಾದ ಜಾಗ ಇದೆಯೇ?
2. ಲೈನ್ ಮನೆಗಳ ಮಕ್ಕಳು ವಾರಕ್ಕೊಮ್ಮೆ ಒಟ್ಟಿಗೆ ಕುಳಿತು ಪತ್ರಿಕೆ ಬಿಡಿಸಲು ಸಭೆಯ ಕೋಣೆ ಕೊಡಬಹುದೇ?
3. ಪ್ರಶ್ನೆಪತ್ರಿಕೆಗಳ ಒಂದು ಕಟ್ಟನ್ನು ಸಂಘದ ಹಣದಿಂದ ತೆಗೆಸಿ ಎಲ್ಲರಿಗೂ ಸಿಗುವಂತೆ ಇಡಬಹುದೇ?