ಮೊದಲು ವರ್ಷ ಓದಿ

ಅಲೆಕ್ಸಾಂಡ್ರಿಯಾದ ಟಂಕಸಾಲೆಯ ರೋಮನ್ ನಾಣ್ಯ ಕೈಗೆ ಬಂದರೆ ಚಕ್ರವರ್ತಿಯ ಮುಖವನ್ನೇ ನೋಡುತ್ತ ಕೂರಬೇಡಿ, ತಿರುಗಿಸಿ. ಹಿಂಬದಿಯಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನ ‘ಎಲ್’ ಹೋಲುವ ಗುರುತಿರುತ್ತದೆ. ಅದು ವರ್ಷದ ಚಿಹ್ನೆ. ಪಕ್ಕದ ಗ್ರೀಕ್ ಅಕ್ಷರವೇ ಆಳ್ವಿಕೆಯ ವರ್ಷ: ಆಲ್ಫಾ ಒಂದು, ಬೀಟಾ ಎರಡು, ಅಯೋಟಾ ಹತ್ತು.

ಹಲವರು ಎಡವುವುದು ಇಲ್ಲೇ. ಈಜಿಪ್ಟಿನ ಹೊಸ ವರ್ಷ ಶುರುವಾಗುತ್ತಿದ್ದುದು ಆಗಸ್ಟ್ ಕೊನೆಯಲ್ಲಿ, ಸಾಮಾನ್ಯವಾಗಿ 29ಕ್ಕೆ; ಆಳ್ವಿಕೆಯ ವರ್ಷದ ಎಣಿಕೆಯೂ ಅಂದೇ ಮುಂದಕ್ಕೆ ಹೋಗುತ್ತಿತ್ತು. ಹೇಡ್ರಿಯನ್ ಪಟ್ಟಕ್ಕೆ ಬಂದದ್ದು ಕ್ರಿ.ಶ. 117ರ ಆಗಸ್ಟಿನಲ್ಲಿ, ಆ ತಿಂಗಳು ಮುಗಿಯುವ ಮೊದಲೇ ಅವನ ಎರಡನೆಯ ವರ್ಷ ಶುರು! ಹಾಗಾಗಿ ಅವನ ನಾಣ್ಯದಲ್ಲಿ ಬೀಟಾ ಎಂದರೆ 117–118.

ತೂಕ, ವ್ಯಾಸ, ಹಿಂಬದಿಯ ಚಿತ್ರ (ಸೆರಾಪಿಸ್, ನೀಲಸ್, ಹದ್ದು, ಏನಿದೆಯೋ ಅದು) ಬರೆದುಕೊಂಡು ಈ ನಾಣ್ಯಗಳ ಕುರಿತ ಡಟ್ಟಾರಿಯ 1901ರ ಕ್ಯಾಟಲಾಗಿನೊಂದಿಗೆ ತಾಳೆ ನೋಡಿ. ಅಕ್ಷರ ಸವೆದಿದ್ದರೆ ಊಹಿಸಿ ತುಂಬಬೇಡಿ, ‘ವರ್ಷ ಅಸ್ಪಷ್ಟ’ ಎಂದೇ ನಮೂದಿಸಿ. ಕಿಲುಬು ಕಂಡಿತೆಂದು ಹುಣಸೆಹಣ್ಣು ಹಚ್ಚಿ ತಿಕ್ಕೀರಿ, ಜೋಕೆ!