ಭಾಷಾವಿಜ್ಞಾನ ಓದಿದರೆ ಕೆಲಸ ಎಲ್ಲಿ?

ಪ್ರಶ್ನೆ: ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಆನ್ವಯಿಕ ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡುವಾಸೆ. ಅಪ್ಪ ‘ಮಾತಾಡಾಕ ಬರ್ತದಲ್ಲ, ಅದನ್ನ ಮತ್ತೇನ ಓದೂದು? ಬಿ.ಎಡ್. ಮಾಡು’ ಅಂತಾರೆ. ತೊದಲುವ ಮಕ್ಕಳಿಗೆ ಚಿಕಿತ್ಸೆ ಕೊಡುವ ಕೆಲಸ ಸಿಗುತ್ತದೆ ಎಂದು ಗೆಳತಿ ಹೇಳಿದಳು. ನಿಜವೇ?
– ಹೆಸರು ಬೇಡ, ಗದಗ

ಉತ್ತರ: ನಿಜವಲ್ಲ. ಎರಡು ವರ್ಷ ಕಳೆದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ತಿಳಿದಿರಲಿ. ಮಾತಿನ ಚಿಕಿತ್ಸೆಗೆ ಬೇರೆಯೇ ಪದವಿಯಿದೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಮುಗಿಸಿದವರೂ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಮೇಲೆಯೇ ಚಿಕಿತ್ಸೆ ಕೊಡುವುದು.

ಭಾಷಾವಿಜ್ಞಾನ ಓದಿದವರಿಗೆ ಈಗ ಕರೆ ಬರುತ್ತಿರುವುದು ಕಂಪ್ಯೂಟರಿಗೆ ನಮ್ಮ ಭಾಷೆ ಕಲಿಸುವ ಕಡೆಯಿಂದ. ಅದಕ್ಕೆಂದೇ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಬಂತು. ಖಾಸಗಿ ಕಂಪನಿಗಳೂ ಈ ಕೆಲಸದಲ್ಲಿವೆ. ಕೆಲಸ ಹೇಗಿರುತ್ತದೆ ಎನ್ನುತ್ತೀರಾ? ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಕೇಳುತ್ತಿದ್ದೀರಿ. ನಿಮ್ಮ ಕಡೆಯ ಅಜ್ಜಿಯೊಬ್ಬರು ‘ಸಂತಿಗೆ ಹೊಂಟೇನಿ’ ಎನ್ನುತ್ತಾರೆ. ಕೇಳಿಸಿದ ಹಾಗೇ ಬರೆಯಬೇಕೋ, ‘ಸಂತೆಗೆ ಹೊರಟಿದ್ದೇನೆ’ ಎಂದು ತಿದ್ದಬೇಕೋ? ತಿದ್ದಿದರೆ ಯಂತ್ರಕ್ಕೆ ಅಜ್ಜಿಯ ಮಾತು ಎಂದೂ ತಿಳಿಯದು. ತಿದ್ದದಿದ್ದರೆ ಎರಡೂ ಒಂದೇ ಕ್ರಿಯಾಪದದ ರೂಪಗಳೆಂದು ಬೇರೆ ಗುರುತು ಹಾಕಿ ತೋರಿಸಬೇಕು. ಇಂಥ ಸಾವಿರ ಕಡೆ ಏನು ಮಾಡಬೇಕೆಂಬ ನಿಯಮ ಬರೆಯಲು ಧ್ವನಿ, ಪದರಚನೆ ಬಲ್ಲವರೇ ಬೇಕು. ಬರೀ ಕೇಳಿ ಟೈಪ್ ಮಾಡುವುದಕ್ಕೆ ಎಂ.ಎ. ಬೇಕಿಲ್ಲ, ದುಡ್ಡೂ ಅಷ್ಟಕ್ಕಷ್ಟೆ. ಆದ್ದರಿಂದ ಎಂ.ಎ. ಜೊತೆಗೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಲೆಕ್ಕಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದವರಾದರೂ ಸರಿ, ಬೇಕಾದಷ್ಟು ಬರುತ್ತದೆ.

ಇಂಗ್ಲಿಷ್ ಬೋಧನೆಯತ್ತ ಒಲವಿದ್ದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ (ಇಫ್ಲು) ನೋಡಿ. 1958ರಿಂದ ಅದರ ಮುಖ್ಯ ಕಸುಬೇ ಅದು. ನಿಘಂಟು, ಅನುವಾದ, ಪಠ್ಯಪುಸ್ತಕದ ಕೆಲಸಗಳೂ ಇವೆ. ಆದರೆ ಅಲ್ಲಿ ಸಾಹಿತ್ಯ ಓದಿದವರೂ ಸಾಲಿನಲ್ಲಿರುತ್ತಾರೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಂಥ ಕಡೆ ಯೋಜನೆ ಇರುವಷ್ಟು ದಿನದ ಗುತ್ತಿಗೆ ಹುದ್ದೆಗಳಿರುತ್ತವೆ. ಅನುಭವಕ್ಕೆ ಒಳ್ಳೆಯದು, ಮನೆ ಸಾಲ ತೆಗೆಯುವುದಕ್ಕಲ್ಲ. ನೆಟ್ ಪರೀಕ್ಷೆಯಲ್ಲಿ ಭಾಷಾವಿಜ್ಞಾನ ಪ್ರತ್ಯೇಕ ವಿಷಯವೇನೋ ಹೌದು, ಪಾಠ ಹೇಳಲು ವಿಭಾಗಗಳೇ ಕಡಿಮೆ.

ಅಪ್ಪ ಹೇಳುವುದನ್ನು ತಳ್ಳಿಹಾಕಬೇಡಿ. ಸರ್ಕಾರಿ ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿಯಾಗುವುದೇ ನಿಮ್ಮ ಗುರಿಯಾದರೆ ಅವರ ಮಾತೇ ಸರಿ: ಅಲ್ಲಿ ಕೇಳುವುದು ಕನ್ನಡ ಎಂ.ಎ., ಬಿ.ಎಡ್.; ಭಾಷಾವಿಜ್ಞಾನದ ಪದವಿ ನಡೆಯುವುದಿಲ್ಲ.

ಅರ್ಜಿ ಹಾಕುವ ಮೊದಲು ಒಂದು ದಿನ ಅವರನ್ನೂ ಕರೆದುಕೊಂಡು ಧಾರವಾಡಕ್ಕೆ ಹೋಗಿ ಬನ್ನಿ. ಕರ್ನಾಟಕ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ವಿಭಾಗದಲ್ಲಿ ಎರಡನೇ ವರ್ಷದವರು ಯಾರಾದರೂ ಸಿಕ್ಕರೆ ಕೇಳಿ: ಕ್ಷೇತ್ರಕಾರ್ಯ ಮಾಡಿಸುತ್ತಾರಾ, ಕಂಪ್ಯೂಟರ್ ಪೇಪರ್ ಇದೆಯಾ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಯನ್ನು ಅಪ್ಪನೇ ಕೇಳಲಿ.